ಎಂಟು ಪರ್ಯಾಯ ಕಂಡ ನಮ್ಮ 32 ಇಂಚಿನ ಟಿ.ವಿ.

ಉಡುಪಿಯವರಿಗೆ ವರ್ಷ ಎಣಿಸಲು ಪರ್ಯಾಯ ಒಂದು ಸುಲಭದ ಗುರುತು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. 2012ರಲ್ಲಿ ಸೋದೆ, 2014ರಲ್ಲಿ ಕಾಣಿಯೂರು, ಆಮೇಲೆ ಪೇಜಾವರ, ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಈ ಸಲ ಶೀರೂರು. ಎಂಟು ಮಠಗಳ ಪೂರ್ತಿ ಒಂದು ಸುತ್ತು. ಈ ಎಂಟೂ ಮೆರವಣಿಗೆಗಳನ್ನು ನಮ್ಮ ಅತ್ತೆ ಒಂದೇ ಟಿ.ವಿ.ಯಲ್ಲಿ ನೋಡಿದ್ದಾರೆ.

ಆ ಟಿ.ವಿ.ಯ ಬಗ್ಗೆಯೇ ಬರೆಯುತ್ತಿದ್ದೇನೆ. ಹೊಸ ಟಿ.ವಿ. ಕೊಂಡ ವಾರದಲ್ಲಿ ಬರೆದ ವಿಮರ್ಶೆ ಬೇಕಾದಷ್ಟು ಸಿಗುತ್ತದೆ. ಹದಿನೈದು ವರ್ಷ ಆದ ಮೇಲೆ ಅದು ಹೇಗುಂಟು ಅಂತ ಹೇಳುವವರು ಕಡಿಮೆ. ಕಂಪೆನಿಯ ಹೆಸರು ಬೇಡ. ಆ ಮಾಡೆಲ್ ಈಗ ಎಲ್ಲೂ ಸಿಗುವುದಿಲ್ಲ. ನಾನು ಹೇಳುವ ಹೆಚ್ಚಿನ ಮಾತು ಆ ಕಾಲದ ಬೇರೆ ಎಲ್‌ಸಿಡಿ ಟಿ.ವಿ.ಗಳಿಗೂ ಹೊಂದುತ್ತದೆ.

ನಮ್ಮ ಮನೆ ಕೊಡವೂರಿನಲ್ಲಿ. ಮಲ್ಪೆಯ ಕಡಲಗಾಳಿ ಮನೆಯೊಳಗೇ ಬರುತ್ತದೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಟಿ.ವಿ. ತಂದದ್ದು 2011ರ ಮಾರ್ಚಿನಲ್ಲಿ. 32 ಇಂಚು, ಎಚ್‌ಡಿ ರೆಡಿ, ಬೆಲೆ 26,500 ರೂಪಾಯಿ. ಆಗ ನಮಗೆ ಅದು ದೊಡ್ಡ ದುಡ್ಡು. ಏಪ್ರಿಲ್ 2ರಂದು ವಿಶ್ವಕಪ್ ಫೈನಲ್ ಇತ್ತಲ್ಲ, ಧೋನಿ ಸಿಕ್ಸರ್ ಹೊಡೆದು ಮುಗಿಸಿದ್ದು, ಅವತ್ತು ನಮ್ಮ ಚಾವಡಿಯಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಜನ ಕುಳಿತಿದ್ದರು. ಆದರೆ ಚಿತ್ರ ಏನೂ ಚೆನ್ನಾಗಿರಲಿಲ್ಲ. ನಮ್ಮ ಕೇಬಲ್ ಆಗ ಹಳೆಯ ಅನಲಾಗ್. ಚೌಕದ ಚಿತ್ರವನ್ನು ಅಗಲ ಪರದೆಗೆ ಎಳೆದಾಗ ಆಟಗಾರರೆಲ್ಲ ದಪ್ಪ ಕಾಣುತ್ತಿದ್ದರು. ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಹಾಕಿಸಿದ್ದು 2014ರಲ್ಲಿ. ಅವತ್ತು ಯಕ್ಷಗಾನದ ವೇಷದ ಕಸೂತಿ, ಕಿರೀಟದ ಮೇಲಿನ ಒಂದೊಂದು ಮಣಿ ಬಿಡಿಬಿಡಿಯಾಗಿ ಕಂಡಿತು. ಮೂರು ವರ್ಷ ಮನೆಯಲ್ಲಿದ್ದ ಟಿ.ವಿ.ಯನ್ನು ಆ ದಿನವೇ ಮೊದಲ ಸಲ ನೋಡಿದ ಹಾಗಾಯಿತು.

ಎಚ್‌ಡಿ ರೆಡಿ ಅಂದರೆ ಅಡ್ಡಕ್ಕೆ 1366 ಚುಕ್ಕೆ, ಉದ್ದಕ್ಕೆ 768. ಈಗಿನ ಫೋರ್‌ಕೆ ಲೆಕ್ಕದಲ್ಲಿ ಇದು ಬಹಳ ಕಡಿಮೆ. ಆದರೆ ಒಂದು ಲೆಕ್ಕ ಮಾಡಿ ನೋಡಿ. 32 ಇಂಚಿನ ಪರದೆಯ ಅಗಲ ಸುಮಾರು 71 ಸೆಂಟಿಮೀಟರ್. ಹಾಗಾದರೆ ಒಂದು ಚುಕ್ಕೆ ಅರ್ಧ ಮಿಲಿಮೀಟರಿಗಿಂತ ಒಂಚೂರು ಜಾಸ್ತಿ. ಸರಿಯಾದ ದೃಷ್ಟಿ ಇರುವ ಕಣ್ಣಿಗೂ ಅಷ್ಟು ಸಣ್ಣ ಚುಕ್ಕೆಗಳು ಬೇರೆ ಬೇರೆಯಾಗಿ ಕಾಣುವುದು ಸುಮಾರು ಆರಡಿಯ ಒಳಗೆ ಮಾತ್ರ. ನಮ್ಮ ಸೋಫಾ ಗೋಡೆಯಿಂದ ಒಂಬತ್ತು ಅಡಿ ದೂರ ಉಂಟು. ಅಲ್ಲಿಂದ ನೋಡುವವರಿಗೆ ಅದೇ ಅಳತೆಯ ಪರದೆಯಲ್ಲಿ ಇನ್ನಷ್ಟು ಚುಕ್ಕೆ ತುಂಬಿಸಿ ಏನು ಲಾಭ? ದೊಡ್ಡ ಪರದೆ ಬೇಕಾದರೆ ಅದು ಬೇರೆ ಮಾತು.

ಈಗ ಮುಖ್ಯ ವಿಷಯ, ಬಾಳಿಕೆ.

2017ರ ಮಳೆಗಾಲದಲ್ಲಿ ಮೊದಲ ತೊಂದರೆ ಬಂತು. ಸ್ವಿಚ್ ಹಾಕಿದರೆ ಕೆಂಪು ದೀಪ ಮಿಣುಕುತ್ತಿತ್ತು, ಒಳಗೆ ಟಿಕ್ ಟಿಕ್ ಶಬ್ದ, ಚಿತ್ರ ಬರಲು ಎರಡು ನಿಮಿಷ. ವಾರ ಕಳೆದ ಹಾಗೆ ಅದು ಐದು ನಿಮಿಷ ಆಯಿತು, ಹತ್ತಾಯಿತು. ಕಂಪೆನಿಯ ಸರ್ವಿಸ್‌ನವರನ್ನು ಕರೆದೆವು. ಬಂದವರು ಹಿಂದಿನ ಮುಚ್ಚಳ ತೆಗೆಯಲೇ ಇಲ್ಲ. ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆಯೇ ಹೋಗಿದೆ, 14,000 ಆಗುತ್ತದೆ, ಅದರ ಬದಲು ಎಕ್ಸ್‌ಚೇಂಜ್‌ಗೆ ಕೊಟ್ಟರೆ 1,500 ಸಿಗುತ್ತದೆ ಅಂದರು. ನನಗೆ ಬೇಸರ ಆದದ್ದು ದುಡ್ಡಿನ ಮಾತಿಗಲ್ಲ. ಬಿಚ್ಚಿ ನೋಡದೆ ಹೇಳಿದ್ದಕ್ಕೆ.

ಮರುದಿನ ಯಜಮಾನರು ಟಿ.ವಿ.ಗೆ ಬೆಡ್‌ಶೀಟ್ ಸುತ್ತಿ, ರಿಕ್ಷಾದಲ್ಲಿಟ್ಟು ಉಡುಪಿ ಪೇಟೆಯ ಒಂದು ಸಣ್ಣ ರಿಪೇರಿ ಅಂಗಡಿಗೆ ಒಯ್ದರು. ನಾನೂ ಹೋಗಿದ್ದೆ. ಅಂಗಡಿಯವರು ಹತ್ತು ನಿಮಿಷದಲ್ಲಿ ಬಿಚ್ಚಿ ನನ್ನನ್ನು ಹತ್ತಿರ ಕರೆದರು. "ಟೀಚರ್, ಇಲ್ಲಿ ನೋಡಿ. ಪ್ಯಾನೆಲಿಗೆ ಎಂತ ಆಗ್ಲಿಲ್ಲ ಮಾರಾಯ್ರೆ. ನಾಲ್ಕು ಕಂಡೆನ್ಸರ್ ಉಬ್ಬಿದ್ದು, ಅಷ್ಟೇ."

ಕೆಪಾಸಿಟರಿಗೆ ನಮ್ಮ ಕಡೆ ರಿಪೇರಿಯವರು ಕಂಡೆನ್ಸರ್ ಅಂತಲೇ ಹೇಳುವುದು. ಪವರ್ ಬೋರ್ಡಿನಲ್ಲಿ ಸಣ್ಣ ಡಬ್ಬಿಯ ಹಾಗೆ ನಿಂತಿರುತ್ತವೆ. ಒಳ್ಳೆಯದಾದರೆ ತಲೆ ಸಪಾಟಾಗಿರುತ್ತದೆ. ಹಾಳಾದರೆ ತಲೆ ಉಬ್ಬುತ್ತದೆ, ಕೆಲವೊಮ್ಮೆ ಕಂದು ಬಣ್ಣದ ದ್ರವ ಜಿನುಗುತ್ತದೆ. ನಾಲ್ಕನ್ನೂ ಬದಲಿಸಿ ಮಜೂರಿ ಸೇರಿಸಿ ತೆಗೆದುಕೊಂಡದ್ದು 850 ರೂಪಾಯಿ. ಸಂಜೆಗೆ ಟಿ.ವಿ. ಮನೆಗೆ ಬಂತು, ಸ್ವಿಚ್ ಹಾಕಿದ ಕೂಡಲೇ ಚಿತ್ರ ಬಂತು.

ಆರೇ ವರ್ಷದಲ್ಲಿ ಅವು ಯಾಕೆ ಹೋದವು? ತಪ್ಪು ನಮ್ಮದೇ ಇತ್ತು. ಈ ಕೆಪಾಸಿಟರುಗಳ ಮೇಲೆ 105 ಡಿಗ್ರಿ ಅಂತ ಬರೆದಿರುತ್ತದೆ. ಆ ಬಿಸಿಯಲ್ಲಿ ಅವುಗಳ ಆಯುಸ್ಸು ಸಾಮಾನ್ಯವಾಗಿ 2000 ಗಂಟೆ. ಬಿಸಿ 10 ಡಿಗ್ರಿ ಇಳಿದರೆ ಆಯುಸ್ಸು ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. 75 ಡಿಗ್ರಿಯಲ್ಲಿ 16,000 ಗಂಟೆ, 65ರಲ್ಲಿ 32,000. ಅಂದರೆ ಒಳಗಿನ ಬಿಸಿ ಹತ್ತು ಡಿಗ್ರಿ ಕಡಿಮೆ ಮಾಡಿದರೆ ಆಯುಸ್ಸು ಇಮ್ಮಡಿ ಮಾಡಿದ ಹಾಗೆ. ನಾವು ಚಂದಕ್ಕೆ ಅಂತ ಟಿ.ವಿ.ಯನ್ನು ಮರದ ಶೋಕೇಸಿನ ಒಳಗೆ ಕೂರಿಸಿದ್ದೆವು. ಹಿಂದೆ, ಮೇಲೆ, ಬದಿಯಲ್ಲಿ ಗಾಳಿ ಆಡಲು ಜಾಗವೇ ಇರಲಿಲ್ಲ. ಅವತ್ತೇ ಹೊರಗೆ ತಂದು ಮೇಜಿನ ಮೇಲಿಟ್ಟೆವು, ಸುತ್ತ ಒಂದು ಗೇಣು ಜಾಗ ಬಿಟ್ಟು. ಆಮೇಲೆ ಒಂದು ಕೆಪಾಸಿಟರೂ ಹೋಗಿಲ್ಲ.

ಎರಡನೆಯ ಪೆಟ್ಟು ಸಿಡಿಲಿನದ್ದು, 2019ರ ಅಕ್ಟೋಬರ್ ಸಂಜೆ. ಗುಡುಗು ಶುರುವಾದಾಗ ಅತ್ತೆ ಪ್ಲಗ್ ಎಳೆದಿದ್ದರು. ಆದರೆ ಕೇಬಲ್ ವಯರ್ ಹಾಗೇ ಇತ್ತು. ಹತ್ತಿರದ ತೆಂಗಿನಮರಕ್ಕೆ ಸಿಡಿಲು ಬಡಿಯಿತು. ಕೇಬಲ್ ಮೂಲಕ ಬಂದದ್ದು ಸೆಟ್‌ಟಾಪ್ ಬಾಕ್ಸನ್ನು ಸುಟ್ಟು, ಅಲ್ಲಿಂದ ಎಚ್‌ಡಿಎಂಐ ವಯರ್ ಹಿಡಿದು ಟಿ.ವಿ.ಯ ಒಂದು ಪೋರ್ಟನ್ನೂ ಕೊಂದಿತು. ಪುಣ್ಯಕ್ಕೆ ಎರಡನೆಯ ಪೋರ್ಟ್ ಉಳಿಯಿತು. "ಅದನ್ನು ಮುಟ್ಟುವುದು ಬೇಡ, ಇದರಲ್ಲೇ ಓಡಿಸಿ" ಅಂದರು ರಿಪೇರಿಯವರು. ಇಂದಿಗೂ ಅದರಲ್ಲೇ ಓಡುತ್ತಿದೆ. ಕರಾವಳಿಯವರೆಲ್ಲ ದಯವಿಟ್ಟು ಇದೊಂದು ನೆನಪಿಡಿ. ಸಿಡಿಲು ಬರುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಎಳೆದರೂ ಸಾಲದು. ಗುಡುಗು ಹತ್ತಿರ ಬರುವ ಮೊದಲೇ ಕೇಬಲ್ ಅಥವಾ ಡಿಶ್‌ನ ವಯರನ್ನೂ ಕಳಚಿಡಬೇಕು. ಸಿಡಿಲು ತಲೆಮೇಲೆ ಬಂದ ಮೇಲೆ ಆ ವಯರ್ ಮುಟ್ಟಲು ಹೋಗಬೇಡಿ.

ಮೂರನೆಯದು ಮಳೆಯ ಶೀತ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು ನಮ್ಮದು. ಜೊತೆಗೆ ಉಪ್ಪುಗಾಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನ ಬಟ್ಟೆಗೇ ಬೂಸ್ಟು ಬರುವಾಗ ಟಿ.ವಿ. ಹೇಗೆ ಒಣಗಿರುತ್ತದೆ? 2023ರ ಜುಲೈಯಲ್ಲಿ ಹದಿನೈದು ದಿನ ಮನೆ ಬೀಗ ಹಾಕಿ ಬೆಂಗಳೂರಿಗೆ ಮಗನಲ್ಲಿಗೆ ಹೋಗಿದ್ದೆವು. ವಾಪಸ್ ಬಂದು ಹಾಕಿದರೆ ಅರ್ಧ ಪರದೆ ಬೆಳ್ಳಗೆ, ಮುಖಗಳ ಬಣ್ಣ ಫಿಲ್ಮಿನ ನೆಗೆಟಿವ್ ಹಾಗೆ. ಈಗ ಮುಗಿಯಿತು ಅಂದುಕೊಂಡೆ. ಪ್ಯಾನೆಲಿಗೆ ಚಿತ್ರ ಕಳಿಸುವ ಟಿ-ಕಾನ್ ಬೋರ್ಡ್ ಅಂತ ಒಂದುಂಟು. ಅದಕ್ಕೆ ಬರುವ ಪಟ್ಟಿ ವಯರಿನ ಬಾಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಸ್ಪಿರಿಟ್ ಹಾಕಿ ಉಜ್ಜಿ ಮತ್ತೆ ಸಿಕ್ಕಿಸಿದರು, 400 ರೂಪಾಯಿ. ಅಂದಿನಿಂದ ಮಳೆಗಾಲದಲ್ಲಿ ಯಾರು ನೋಡಲಿ ಬಿಡಲಿ, ದಿನಕ್ಕೆ ಒಂದು ಗಂಟೆ ಟಿ.ವಿ. ಹಾಕಿಡುತ್ತೇವೆ. ಅದರ ಬಿಸಿಗೇ ಒಳಗಿನ ಪಸೆ ಆರುತ್ತದೆ. ಪಡುಗಡೆಯ ಗೋಡೆಗೆ ಮಳೆನೀರು ಇಳಿಯುತ್ತದೆ, ಅದಕ್ಕೆ ಟಿ.ವಿ.ಯನ್ನು ಆ ಗೋಡೆಯಿಂದ ದೂರ ಮಾಡಿದ್ದೇವೆ. ಪರದೆ ಒರೆಸುವಾಗ ನೀರು ಚಿಮುಕಿಸುವುದೇ ಇಲ್ಲ. ಇಳಿದ ನೀರು ಕೆಳಅಂಚಿನ ಒಳಗೆ ಹೋದರೆ ಪ್ಯಾನೆಲಿನ ಕನೆಕ್ಷನ್ ಹಾಳು. ಒಣ ಮೆತ್ತನೆಯ ಬಟ್ಟೆ ಸಾಕು.

ಹಾಗಾದರೆ ಪರದೆಗೆ ವಯಸ್ಸೇ ಆಗುವುದಿಲ್ಲವಾ? ಆಗುತ್ತದೆ, ನಿಧಾನವಾಗಿ. ಪರದೆಗೆ ಹಿಂದಿನಿಂದ ಬೆಳಕು ಕೊಡುವುದು ಬ್ಯಾಕ್‌ಲೈಟ್. ನಮ್ಮದರಲ್ಲಿ ಅದಕ್ಕೆ ಎಲ್‌ಇಡಿ ಇಲ್ಲ, ಸ್ಟ್ರಾದಷ್ಟು ಸಪೂರದ ಟ್ಯೂಬ್‌ಲೈಟುಗಳಿವೆ. ಸಿಸಿಎಫ್‌ಎಲ್ ಅನ್ನುತ್ತಾರೆ. ಬೆಳಕು ಅರ್ಧಕ್ಕೆ ಇಳಿಯಲು 50,000ದಿಂದ 60,000 ಗಂಟೆ ಬೇಕು ಅಂತ ಅವುಗಳ ಲೆಕ್ಕ. ನಮ್ಮ ಮನೆಯಲ್ಲಿ ದಿನಕ್ಕೆ ಐದು ಗಂಟೆ ಹಿಡಿದರೆ ಹದಿನೈದು ವರ್ಷಕ್ಕೆ 27,000 ಗಂಟೆ ಚಿಲ್ಲರೆ. ಅರ್ಧ ದಾರಿ. ಮೊದಲು ಬ್ಯಾಕ್‌ಲೈಟನ್ನು 4ರಲ್ಲಿ ಇಡುತ್ತಿದ್ದೆವು, ಈಗ 8ಕ್ಕೆ ಏರಿಸಿದ್ದೇವೆ. ಬಿಳಿ ಬಣ್ಣ ಒಂಚೂರು ಹಳದಿ ಆಗಿದೆ, ಮೂಲೆಗಳು ಮಸುಕು. ಹಗಲು ಕಿಟಕಿಯ ಪರದೆ ಎಳೆಯದಿದ್ದರೆ ಸರಿ ಕಾಣುವುದಿಲ್ಲ. ರಾತ್ರಿ ಏನೂ ತೊಂದರೆ ಇಲ್ಲ.

ಕರೆಂಟ್ ವಿಷಯದಲ್ಲಿ ಇದು ಹೊಸದಕ್ಕೆ ಸಮ ಅಲ್ಲ. ಶಾಲೆಯ ಲ್ಯಾಬಿನ ಮೀಟರ್ ತಂದು ನೋಡಿದೆ, 112 ವ್ಯಾಟ್ ತೋರಿಸಿತು. ಅದೇ ಅಳತೆಯ ಈಗಿನ ಎಲ್‌ಇಡಿಗೆ 50 ವ್ಯಾಟ್ ಆಸುಪಾಸು ಸಾಕು. ತಿಂಗಳಿಗೆ ಒಂಬತ್ತು ಯೂನಿಟ್ ಜಾಸ್ತಿ ಅಂತಾಯಿತು. ಯೂನಿಟಿಗೆ 6 ರೂಪಾಯಿ ಹಿಡಿದರೆ 54 ರೂಪಾಯಿ.

ಸ್ಮಾರ್ಟ್ ಅಲ್ಲದಿರುವುದು ಇದರ ಕೊರತೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಇಷ್ಟು ವರ್ಷ ಬಾಳಿದ್ದಕ್ಕೆ ಅದೂ ಒಂದು ಕಾರಣ. ಆ ಕಾಲದ ಸ್ಮಾರ್ಟ್ ಟಿ.ವಿ.ಗಳ ಆ್ಯಪ್‌ಗಳು ಕೆಲವೇ ವರ್ಷದಲ್ಲಿ ನಿಂತುಹೋದವು. 2010, 2011ರ ಕೆಲವು ಟಿ.ವಿ.ಗಳಲ್ಲಿ ನೆಟ್‌ಫ್ಲಿಕ್ಸ್ 2019ರ ಡಿಸೆಂಬರಿನಿಂದ ಬರುವುದೇ ನಿಂತಿತು. ಪರದೆ ಚೆನ್ನಾಗಿಯೇ ಇತ್ತು, ಒಳಗಿನ ಸಾಫ್ಟ್‌ವೇರ್ ಮಾತ್ರ ಹಳತಾಯಿತು. ನಮಗೆ ಆ ತಲೆನೋವೇ ಇಲ್ಲ. ಎಚ್‌ಡಿಎಂಐಗೆ ಆ್ಯಪ್‌ಗಳನ್ನು ಓಡಿಸುವ ಒಂದು ಸಣ್ಣ ಸ್ಟಿಕ್ ಸಿಕ್ಕಿಸಿದರೆ ಮುಗಿಯಿತು. ಅದಕ್ಕೆ ಕರೆಂಟನ್ನು ಟಿ.ವಿ.ಯ ಯುಎಸ್‌ಬಿಯಿಂದ ಕೊಡಬೇಡಿ. ಹಳೆಯ ಯುಎಸ್‌ಬಿ ಅರ್ಧ ಆಂಪಿಯರ್ ಕೊಡುವುದೇ ಹೆಚ್ಚು, ಸ್ಟಿಕ್ ನಡುನಡುವೆ ತನ್ನಷ್ಟಕ್ಕೇ ರೀಸ್ಟಾರ್ಟ್ ಆಗುತ್ತದೆ. ಬೇರೆ ಚಾರ್ಜರ್ ಹಾಕಿ.

ಪ್ಲಾಸ್ಮಾ ಟಿ.ವಿ. ಇಟ್ಟುಕೊಂಡವರಿಗೆ ಒಂದೇ ಮಾತು. ದೊಡ್ಡ ಕಂಪೆನಿಗಳು 2013, 2014ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿದವು. ಓಡುವಷ್ಟು ದಿನ ಖುಷಿಯಿಂದ ನೋಡಿ. ಬೋರ್ಡ್ ಹೋದರೆ ಹೊಸ ಬಿಡಿಭಾಗ ಸಿಗುವುದು ಕಷ್ಟ.

ಹೊಸದೆಲ್ಲ ಜಾಸ್ತಿ ಬಾಳುತ್ತದೆ ಅಂತಲೂ ಇಲ್ಲ. ಮಂಗಳೂರಿನ ಕದ್ರಿಯಲ್ಲಿ ನನ್ನ ತಂಗಿಯ ಮನೆ. ಅವರು 2019ರಲ್ಲಿ ಕೊಂಡ 43 ಇಂಚಿನ ಎಲ್‌ಇಡಿ ನಾಲ್ಕನೆಯ ವರ್ಷಕ್ಕೆ ಕತ್ತಲಾಯಿತು. ಶಬ್ದ ಬರುತ್ತದೆ, ಚಿತ್ರ ಇಲ್ಲ. "ಅಕ್ಕಾ, ಬಿಸಾಡುವುದಾ?" ಅಂತ ಫೋನ್ ಮಾಡಿದಳು. ಕೋಣೆಯ ದೀಪ ಆರಿಸಿ ಪರದೆಗೆ ಟಾರ್ಚ್ ಹಿಡಿದು ನೋಡು ಅಂದೆ. ಟಾರ್ಚಿನ ಬೆಳಕಲ್ಲಿ ಚಿತ್ರ ಮಸುಕಾಗಿ ಕಂಡಿತು. ಅಂದರೆ ಪ್ಯಾನೆಲ್ ಸರಿ ಉಂಟು, ಹಿಂದಿನ ಬೆಳಕು ಮಾತ್ರ ಹೋಗಿದೆ. ಎಲ್‌ಇಡಿಗಳನ್ನು ಮಾಲೆಯ ಹಾಗೆ ಒಂದರ ಹಿಂದೊಂದು ಪೋಣಿಸಿರುತ್ತಾರೆ. ಒಂದು ಸುಟ್ಟರೆ ಇಡೀ ಸಾಲು ಕತ್ತಲು. 2,800 ರೂಪಾಯಿಗೆ ಸ್ಟ್ರಿಪ್ ಬದಲಿಸಿಕೊಟ್ಟರು. ಅಂಗಡಿಯಿಂದ ಬಂದ ದಿನದಿಂದ ಬ್ಯಾಕ್‌ಲೈಟ್ ನೂರರಲ್ಲೇ ಇತ್ತಂತೆ. ಈಗ 60ರಲ್ಲಿ ಇಟ್ಟಿದ್ದಾಳೆ. ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ.

ನಮ್ಮ ಒಟ್ಟು ಖರ್ಚು ಹೇಳುತ್ತೇನೆ. ಟಿ.ವಿ. 26,500, ರಿಪೇರಿ 850 ಮತ್ತು 400, ನಡುವೆ ಒಂದು ರಿಮೋಟ್ 250. ಸರಿಯಾಗಿ 28,000. ಹದಿನೈದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,900ಕ್ಕೂ ಕಡಿಮೆ. ಇದಕ್ಕಿಂತ ಒಳ್ಳೆಯ ಬಾಳಿಕೆಯನ್ನು ನಾನು ಒಂದು ಟಿ.ವಿ.ಯಿಂದ ಕೇಳಲಾರೆ.

ಪರದೆಯ ಮೇಲೆ ಉದ್ದುದ್ದ ಗೆರೆಗಳು ಬಂದು ನಿಂತರೆ, ಪಟ್ಟಿ ವಯರ್ ಒರೆಸಿದರೂ ಹೋಗದಿದ್ದರೆ, ಆಗ ಬಿಡುತ್ತೇನೆ. ಅದು ಪ್ಯಾನೆಲಿನ ಅಂಚಿನ ಅಂಟು ಬಿಟ್ಟದ್ದು. ಪ್ಯಾನೆಲ್ ಬದಲಿಸುವ ದುಡ್ಡಿಗೆ ಹೊಸ ಟಿ.ವಿ.ಯೇ ಬರುತ್ತದೆ. ಹಾಗೆ ಬಿಡುವಾಗಲೂ ಗುಜರಿಯವರಿಗೆ ಕೊಡುವುದಿಲ್ಲ. ಒಳಗಿನ ಆ ಟ್ಯೂಬುಗಳಲ್ಲಿ ಪಾದರಸ ಉಂಟು, ಒಡೆದರೆ ಗಾಳಿಗೂ ಮಣ್ಣಿಗೂ ಸೇರುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೇ ಕೊಡಬೇಕು.

ಮಗ ಸುಮಾರು ದಿನದಿಂದ ಹೇಳುತ್ತಿದ್ದ. "ಅಮ್ಮಾ, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿ.ವಿ.ಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಈಗಲಾದರೂ ಒಂದು ತೆಗೆದುಕೊಳ್ಳುವ." ಅವನು ಊರಿಗೆ ಬಂದಾಗ ಚಾವಡಿಯಲ್ಲಿ ಎಲ್ಲರೂ ಕುಳಿತು ನೋಡಲು 55 ಇಂಚಿನದ್ದು ಬೇಕಂತೆ. ಒಪ್ಪಿದ್ದೇನೆ. ಅವನ ಆಸೆಯೂ ನ್ಯಾಯವೇ ಅಲ್ವಾ? ಹಳೆಯದು ಅತ್ತೆಯ ಕೋಣೆಗೆ ಹೋಗುತ್ತದೆ. ಅಲ್ಲಿನ ಮೂಡುಗಡೆಯ ಗೋಡೆ ಒಣಗಿದ್ದು, ಮಂಚದಿಂದ ಏಳು ಅಡಿ ದೂರ. ಬರುವ ಸೋಮವಾರ ಎಲೆಕ್ಟ್ರಿಷಿಯನ್ ಬರುತ್ತಾರೆ. ಪ್ಲಗ್ ಪಾಯಿಂಟನ್ನೂ ಕೇಬಲ್ ಜೋಡಿಸುವ ಜಾಗವನ್ನೂ ಸೊಂಟದ ಎತ್ತರಕ್ಕೆ ಇಡಲು ಹೇಳಿದ್ದೇನೆ. ಅತ್ತೆಗೆ ಮಂಡಿನೋವು, ಬಗ್ಗಲು ಆಗುವುದಿಲ್ಲ. ದೂರದಲ್ಲಿ ಮೊದಲ ಗುಡುಗು ಕೇಳಿದಾಗಲೇ ಅವರು ನಿಂತಲ್ಲಿಂದ ಎರಡನ್ನೂ ಕಳಚುವ ಹಾಗಿರಬೇಕು.