ಮ್ಯಾನೇಜರ್ ಜೊತೆ ಕೂತು ಓದಿದ ಡಿಸ್ಕ್ ರಿಪೋರ್ಟ್

ಮೊದಲೇ ಹೇಳಿಬಿಡುತ್ತೇನೆ. ಡಿಸ್ಕ್ ಅಂದರೆ ಕೆಲಸದಲ್ಲಿ ನಮ್ಮ ಸ್ವಭಾವ, ನಡವಳಿಕೆ ಯಾವ ಶೈಲಿಯದು ಅಂತ ತೋರಿಸುವ ಪರೀಕ್ಷೆ. ಅದನ್ನು ನೀವೊಬ್ಬರೇ ಮಾಡುವುದಾದರೆ ಬೇಡ. ನಿಮ್ಮ ಮ್ಯಾನೇಜರ್ ಕೂಡ ಮಾಡುತ್ತಾರೆ, ಆಮೇಲೆ ನಿಮ್ಮ ಜೊತೆ ಕೂತು ಅದರ ಬಗ್ಗೆ ಮಾತಾಡಲು ಸಮಯ ಕೊಡುತ್ತಾರೆ ಅಂತಾದರೆ ಖಂಡಿತ ಮಾಡಿ.

ನಾನು ಖರೀದಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕೊಟೇಶನ್ ತರಿಸುವುದು, ಪರ್ಚೇಸ್ ಆರ್ಡರ್ ಬಿಡುವುದು, ಮಾಲು ತಡವಾದರೆ ಸಪ್ಲೈಯರ್ ಹಿಂದೆ ಬೀಳುವುದು. ಹಿಂದಿನ ಮ್ಯಾನೇಜರ್ ವಾಚಾಳಿ. ಈಗಿನವರದು ತದ್ವಿರುದ್ಧ. ಒಂದು ಪುಟದ ಮೇಲ್‌ಗೆ ಒಂದು ಸಾಲಿನ ಉತ್ತರ ಬರುತ್ತದೆ, ಕೆಲವು ಸಲ ಅದೂ ಇಲ್ಲ. ಮೀಟಿಂಗ್‌ನಲ್ಲಿ ಮಾತ್ರ ಪ್ರಶ್ನೆ ಮೇಲೆ ಪ್ರಶ್ನೆ. ನಮ್ಮ ಟೀಮಿನಲ್ಲಿ ಅರ್ಧ ಜನಕ್ಕೆ ಅವರಿಗೆ ನಮ್ಮ ಮೇಲೆ ನಂಬಿಕೆ ಇಲ್ಲ ಅನ್ನಿಸಿತ್ತು. ಉಳಿದರ್ಧ ಜನಕ್ಕೆ ಅವರಿಗೆ ಆಸಕ್ತಿಯೇ ಇಲ್ಲ ಅನ್ನಿಸಿತ್ತು. ಇದೇ ಸಮಯಕ್ಕೆ ಆಫೀಸಿನವರು ಇಡೀ ಟೀಮಿಗೆ 'ಎವ್ರಿಥಿಂಗ್ ಡಿಸ್ಕ್ ವರ್ಕ್‌ಪ್ಲೇಸ್' ಮಾಡಿಸಿದರು. ಇದನ್ನು ತರುವುದು ವೈಲಿ ಪ್ರಕಾಶನ ಸಂಸ್ಥೆ.

ಪರೀಕ್ಷೆ ಅಂದರೆ ಹೆದರಬೇಕಿಲ್ಲ, ಸರಿ ಉತ್ತರ ತಪ್ಪು ಉತ್ತರ ಅಂತ ಏನಿಲ್ಲ. ಒಂದೊಂದೇ ವಾಕ್ಯ ಬರುತ್ತದೆ. ಅದು ನಿಮಗೆ ಎಷ್ಟು ಒಪ್ಪುತ್ತದೆ ಅಂತ ಐದು ಹಂತಗಳಲ್ಲಿ ಗುರುತು ಹಾಕಬೇಕು. ಒಂದಕ್ಕೊಂದು ತಾಳೆಯಾಗದ ಉತ್ತರ ಕೊಟ್ಟರೆ ಆ ವಿಷಯದಲ್ಲೇ ಇನ್ನಷ್ಟು ಕೆದಕುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷದ ಕೆಲಸ. ಕೊನೆಗೆ ಒಂದು ವೃತ್ತ, ಅದರಲ್ಲಿ ನಿಮ್ಮದೊಂದು ಚುಕ್ಕೆ. ವೃತ್ತದ ಮೇಲರ್ಧ ವೇಗದ, ಬಾಯಿಬಿಟ್ಟು ಹೇಳುವ ಜನರದು. ಕೆಳಗಿನರ್ಧ ನಿಧಾನವಾಗಿ ಯೋಚಿಸುವವರದು. ಎಡಗಡೆ ಪ್ರಶ್ನಿಸುವವರು, ಬಲಗಡೆ ಬೇಗ ಒಪ್ಪಿಕೊಳ್ಳುವವರು. ಹೀಗೆ ನಾಲ್ಕು ಮೂಲೆ: ನೇರವಾಗಿ ಫಲಿತಾಂಶ ಕೇಳುವ ಡಿ, ಮಾತು ಮತ್ತು ಹುರುಪಿನ ಐ, ತಾಳ್ಮೆಯ ಎಸ್, ಲೆಕ್ಕಾಚಾರದ ಸಿ. ಇವುಗಳ ಬೆರಕೆ ಸೇರಿಸಿ ಒಟ್ಟು 12 ಶೈಲಿ. ಚುಕ್ಕೆ ಅಂಚಿಗೆ ಹತ್ತಿರ ಇದ್ದಷ್ಟೂ ಆ ಗುಣ ಜಾಸ್ತಿ.

ಈ ನಾಲ್ಕರ ಮೂಲ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1928ರಲ್ಲಿ ಬರೆದಿದ್ದು. ಅವರು ಇದಕ್ಕೆ ಪರೀಕ್ಷೆಯನ್ನೇನೂ ಮಾಡಲಿಲ್ಲ, ಅದು ಆಮೇಲೆ ಬಂದವರ ಕೆಲಸ. ಸುಳ್ಳು ಹಿಡಿಯಲು ರಕ್ತದೊತ್ತಡ ಅಳೆಯುವ ವಿಧಾನದ ಮೇಲೆ ಕೆಲಸ ಮಾಡಿದವರೂ ಇವರೇ, 1941ರಲ್ಲಿ ಕಾಮಿಕ್ಸ್‌ಗೆ ಬಂದ ವಂಡರ್ ವುಮನ್ ಹಿಂದಿದ್ದವರೂ ಇವರೇ. ಇಷ್ಟೆಲ್ಲ ಮಾಡಿದ ಮನುಷ್ಯನನ್ನು ಯಾವ ಮೂಲೆಗೆ ಹಾಕುತ್ತಾರೋ, ನನಗಂತೂ ಕುತೂಹಲ.

ಇನ್ನು ರಿಪೋರ್ಟ್. ಸುಮಾರು ಇಪ್ಪತ್ತು ಪುಟ ಇರುತ್ತದೆ. ಮೊದಲ ಕೆಲವು ಪುಟ ಓದುವಾಗ ಯಾರಿಗಾದರೂ ಖುಷಿಯಾಗುತ್ತದೆ. 'ನೀವು ಜನರನ್ನು ಜೊತೆಗೆ ಕರೆದುಕೊಂಡು ಹೋಗಲು ಬಯಸುತ್ತೀರಿ' ಅನ್ನುವ ಧಾಟಿಯ ಮಾತು. ಹೌದಲ್ಲ, ನನ್ನನ್ನು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದೆ ಅನ್ನಿಸುತ್ತದೆ. ಆ ಖುಷಿಗೆ ಜಾಸ್ತಿ ಬೆಲೆ ಕೊಡಬೇಡಿ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಮನಃಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆಲ್ಲ 'ಇದು ನಿಮ್ಮದೇ ವ್ಯಕ್ತಿತ್ವ' ಅಂತ ಒಂದೇ ಬರಹದ ಪ್ರತಿ ಹಂಚಿದ್ದರು. ಬಹುಪಾಲು ಸಾಲುಗಳನ್ನು ಎತ್ತಿದ್ದು ಜ್ಯೋತಿಷ್ಯದ ಪುಸ್ತಕದಿಂದ. ನಿಮಗೆ ಎಷ್ಟು ಹೊಂದುತ್ತದೆ ಅಂತ ಕೇಳಿದರೆ ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26! ಡಿಸ್ಕ್ ಅಷ್ಟು ಪೊಳ್ಳಲ್ಲ, ನಾವೇ ಕೊಟ್ಟ ಉತ್ತರದ ಮೇಲೆ ನಿಂತಿದೆ. ಆದರೆ ಅಲ್ಲೇ ಅದರ ಮಿತಿಯೂ ಇದೆ. ನಾವು ಹೇಳಿಕೊಂಡದ್ದನ್ನೇ ಅಚ್ಚುಕಟ್ಟಾಗಿ ಜೋಡಿಸಿ ನಮಗೇ ವಾಪಸ್ ಕೊಡುತ್ತದೆ.

ಸಹೋದ್ಯೋಗಿಗಳ ಶೈಲಿ ಬಗ್ಗೆ ಇರುವ ಪುಟಗಳು ಪರವಾಗಿಲ್ಲ. ಸುಮ್ನೆ ಒಮ್ಮೆ ಕಣ್ಣಾಡಿಸಿ.

ನಿಜವಾದ ಸರಕು ಇರುವುದು ಹೋಲಿಕೆ ರಿಪೋರ್ಟ್‌ನಲ್ಲಿ. ಇದು ಪ್ರತ್ಯೇಕ. ಇಬ್ಬರೂ ಪರೀಕ್ಷೆ ಮಾಡಿದ್ದರೆ ಮಾತ್ರ ಸಿಗುತ್ತದೆ. ಒಂದೊಂದು ಗುಣಕ್ಕೆ ಒಂದೊಂದು ಗೆರೆ ಎಳೆದಿರುತ್ತಾರೆ. ಗೆರೆಯ ಒಂದು ತುದಿಯಲ್ಲಿ 'ಮೃದು ಮಾತು', ಇನ್ನೊಂದು ತುದಿಯಲ್ಲಿ 'ಗಟ್ಟಿ ಮಾತು'. ಒಂದು ಕಡೆ 'ಸಂದೇಹಿಸುವವರು', ಇನ್ನೊಂದು ಕಡೆ 'ಒಪ್ಪಿಕೊಳ್ಳುವವರು'. ಆ ಗೆರೆಯ ಮೇಲೆ ನೀವೆಲ್ಲಿ, ಅವರೆಲ್ಲಿ ಅಂತ ಗುರುತು. ಕೆಳಗೆ ಇಬ್ಬರೂ ಕೂತು ಮಾತಾಡಲು ಕೆಲವು ಪ್ರಶ್ನೆ. ಒಂದೆರಡು ಗೆರೆಯಲ್ಲಿ ನಾವಿಬ್ಬರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದ್ದೆವು, ಅದನ್ನು ನಾನು ಊಹಿಸಿರಲೇ ಇಲ್ಲ. ಸಂದೇಹದ ಗೆರೆಯಲ್ಲಿ ಮಾತ್ರ ಆ ತುದಿಗೆ ಅವರು, ಈ ತುದಿಗೆ ನಾನು.

ಅದನ್ನು ತೋರಿಸಿ 'ನೀವು ಇಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತೀರಿ' ಅಂದೆ. ಬೇರೆ ದಿನ ಈ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಕಾಗದದ ಮೇಲಿದೆಯಲ್ಲ, ಹಾಗಾಗಿ ಧೈರ್ಯ. ಅವರು ಹೇಳಿದ್ದು ಕೇಳಿ ನನಗೆ ಆಶ್ಚರ್ಯ. 'ಬೇಡ ಅಂತಿದ್ದರೆ ನಾನು ಪ್ರಶ್ನೆ ಕೇಳುವುದೇ ಇಲ್ಲ. ಮೇಲಿನವರು ನನ್ನನ್ನು ಏನು ಕೇಳುತ್ತಾರೋ ಅದನ್ನೇ ನಿಮ್ಮನ್ನು ಕೇಳಿ ಇಟ್ಟುಕೊಳ್ಳುತ್ತೇನೆ.' ಅಂದರೆ ಪ್ರಶ್ನೆ ಜಾಸ್ತಿ ಬಂತು ಅಂದರೆ ಆ ಆರ್ಡರ್ ಹೆಚ್ಚುಕಡಿಮೆ ಪಾಸ್ ಆದ ಹಾಗೆ! ಹಾಗಾದರೆ ಮೇಲ್‌ಗೆ ಉತ್ತರ ಬರದಿದ್ದರೆ? 'ಒಪ್ಪಿಗೆ ಇದ್ದರೆ ಉತ್ತರ ಯಾಕೆ ಬೇಕು' ಅಂದರು, ಬಹಳ ಸಹಜವಾಗಿ. ನಮ್ಮ ಟೀಮ್ ಆ ಉತ್ತರಕ್ಕೆ ಕಾಯುತ್ತಾ ಎಷ್ಟು ಆರ್ಡರ್ ಹಿಡಿದಿಟ್ಟುಕೊಂಡಿತ್ತೋ.

ಈಗ ಅವರಿಗೆ ಬರೆಯುವ ಮೇಲ್‌ನಲ್ಲಿ ಮೊದಲ ಸಾಲು ತಾರೀಕು: ಮಾಲು ಇಂಥ ದಿನ ಬರುತ್ತದೆ. ಎರಡನೇ ಸಾಲು, ತಡವಾದರೆ ಏನು ನಿಲ್ಲುತ್ತದೆ. ಸಪ್ಲೈಯರ್ ಕಥೆ ಎಲ್ಲ ಕೆಳಗೆ, ಬೇಕಿದ್ದರೆ ಓದಲಿ. ಕೊನೆಯಲ್ಲಿ 'ಗುರುವಾರ ಸಂಜೆಯೊಳಗೆ ಬೇಡ ಅನ್ನದಿದ್ದರೆ ಆರ್ಡರ್ ಬಿಡುತ್ತೇನೆ' ಅಂತ ಒಂದು ಸಾಲು. ಇದಕ್ಕೆ ಅವರೇ ಒಪ್ಪಿದ್ದು. ದೊಡ್ಡ ಮೊತ್ತದ ಆರ್ಡರ್‌ಗೆ ಮಾತ್ರ ಸಹಿ ಬೇಕೇ ಬೇಕು, ಅಲ್ಲಿ ಮೌನ ನಡೆಯಲ್ಲ.

ಇನ್ನು ಬೇಸರದ ವಿಷಯ. ತರಬೇತಿ ಕೊಡಲು ಹೊರಗಿನಿಂದ ಬಂದವರು ಎಲ್ಲರಿಗೂ ಅಕ್ಷರದ ಬ್ಯಾಡ್ಜ್ ಹಾಕಿಸಿದರು. ಆ ಅಕ್ಷರ ಆಮೇಲೂ ಬಿಡಲಿಲ್ಲ. ಎಸ್ ಬಂದ ನಮ್ಮ ಸಹೋದ್ಯೋಗಿಗೆ 'ನಿಮಗೆ ತಾಳ್ಮೆ ಇದೆಯಲ್ಲ' ಅಂತ ಜಗಳಗಂಟ ಸಪ್ಲೈಯರ್‌ಗಳನ್ನೆಲ್ಲ ತಗುಲಿಸಿದರು. ಅವಳಿಗೆ ತಾಳ್ಮೆ ಇತ್ತು ನಿಜ, ಸಮಯ ಇರಲಿಲ್ಲ. ಯಾವ ಗುಣವೂ ಇನ್ನೊಂದಕ್ಕಿಂತ ಮೇಲಲ್ಲ, ಎಲ್ಲರಲ್ಲೂ ನಾಲ್ಕೂ ಇರುತ್ತವೆ ಅಂತ ರಿಪೋರ್ಟೇ ಹೇಳುತ್ತದೆ. ಬ್ಯಾಡ್ಜ್ ಹಾಕಿಕೊಂಡ ಮೇಲೆ ಅದನ್ನು ಯಾರು ಓದುತ್ತಾರೆ? ನಿಮ್ಮಲ್ಲೂ ಬ್ಯಾಡ್ಜ್ ಕೊಟ್ಟರೆ ಊಟಕ್ಕೆ ಎದ್ದಾಗಲೇ ತೆಗೆದು ಜೇಬಿಗೆ ಹಾಕಿ.

ಇನ್ನೊಂದು ದೊಡ್ಡ ಕೊರತೆ. ಹೋಲಿಕೆ ರಿಪೋರ್ಟ್ ಇಬ್ಬರನ್ನೂ ಸಮಾನರು ಅಂತಲೇ ನೋಡುತ್ತದೆ. ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗಿ ಅನ್ನುವ ಸಲಹೆ. ಆದರೆ ನನ್ನ ವರ್ಷದ ಅಪ್ರೈಸಲ್ ಬರೆಯುವುದು ಅವರು, ಅವರದ್ದನ್ನು ನಾನಲ್ಲ. ಹಾಗಿರುವಾಗ ಜಾಸ್ತಿ ಬಗ್ಗುವುದು ಯಾರು ಅಂತ ಹೇಳಬೇಕಿಲ್ಲ, ಅಲ್ವಾ? ನಮ್ಮ ಮ್ಯಾನೇಜರ್ ಒಂದು ಸಾಲಿನ ಉತ್ತರವನ್ನು ಎರಡು ಸಾಲು ಮಾಡಿದ್ದಾರೆ, ಅಷ್ಟೇ. ನಾನು ಬರೆಯುವ ರೀತಿಯನ್ನೇ ಬದಲಿಸಿದ್ದೇನೆ. ಕೆಲಸ ಸಲೀಸಾಯಿತು ಅನ್ನುವುದು ಸುಳ್ಳಲ್ಲ, ಆದರೆ ಲೆಕ್ಕ ಸಮ ಅಂತೂ ಅಲ್ಲ.

ಬರಹದಲ್ಲಿ ಹೇಗೆ, ಎದುರಿಗೆ ಹೇಗೆ ಅನ್ನುವ ವ್ಯತ್ಯಾಸವೂ ನಮ್ಮ ರಿಪೋರ್ಟ್‌ನಲ್ಲಿ ಸಿಗಲಿಲ್ಲ. ನಮ್ಮವರು ಚಾಟ್‌ನಲ್ಲಿ ಒರಟು, ಎದುರಿಗೆ ಕೂತರೆ ಸಮಾಧಾನಿ. ಎರಡೂ ಒಂದೇ ಚುಕ್ಕೆಯಲ್ಲಿ ಹೇಗೆ ಹಿಡಿಸುತ್ತದೆ? ಮೇಲ್‌ನಲ್ಲಿ ನಮ್ಮ ಧ್ವನಿ ಓದುವವರಿಗೆ ಮುಟ್ಟುತ್ತದೆ ಅಂತ ನಾವು ಅಂದುಕೊಳ್ಳುವುದು ನಿಜಕ್ಕಿಂತ ಜಾಸ್ತಿ ಅಂತ ಸಂಶೋಧಕರಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲೇ ತೋರಿಸಿದ್ದಾರೆ. ನನ್ನ ಉಪಾಯ ಇಷ್ಟೇ: ಚಾಟ್ ಓದಿ ಬೇಜಾರಾದರೆ ಫೋನ್ ಮಾಡುತ್ತೇನೆ. ಅವರು ಎತ್ತುತ್ತಾರೆ, ಮಾತೂ ಆಡುತ್ತಾರೆ.

ಕೆಲಸಕ್ಕೆ ಜನರನ್ನು ಆರಿಸಲು ಇದನ್ನು ಬಳಸಬೇಡಿ ಅಂತ ತಯಾರಕರೇ ಹೇಳುತ್ತಾರೆ. ಬಡ್ತಿಗೂ ಅದೇ ಮಾತು ಸಲ್ಲಬೇಕು ಅಂತ ನನ್ನ ಅಭಿಪ್ರಾಯ. ನಿಮ್ಮ ಆಫೀಸಿನವರು ರಿಪೋರ್ಟ್ ಎಚ್‌ಆರ್ ಫೈಲಿಗೆ ಹೋಗುತ್ತದಾ ಅಂತ ಮೊದಲೇ ಹೇಳದಿದ್ದರೆ, ಪರೀಕ್ಷೆಗೆ ಮುಂಚೆ ಕೇಳಿಕೊಳ್ಳಿ.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಅದರಲ್ಲಿ ಮೂರು ಹೋಲಿಕೆ ಪುಟಗಳಿಗೇ. ಮುಂದೆ ಮ್ಯಾನೇಜರ್ ಬದಲಾದರೆ ಇಡೀ ಕಾರ್ಯಾಗಾರ ಮತ್ತೆ ಬೇಡ. ಹೊಸಬರು ಪ್ರಶ್ನೆಗಳಿಗೆ ಉತ್ತರಿಸಲಿ, ಆ ಗೆರೆಗಳ ಪುಟ ತೆಗೆಸಿಕೊಳ್ಳಿ, ಮೊದಲ ವಾರದಲ್ಲೇ ಅವರ ಎದುರು ಕೂತುಬಿಡಿ.