ಒಂದೇ ಕಲ್ಲಿನ ಮನೆ, ನಾಲ್ಕು ಥರದ ಗೋಡೆ

ಫ್ರಾನ್ಸಿನ ನಡುಭಾಗದಲ್ಲಿ ಕ್ರೋಜ್ ಅಂತ ಒಂದು ಜಿಲ್ಲೆ ಇದೆ. ಬೆಟ್ಟ, ಹಸು, ಮಂಜು, ಗ್ರಾನೈಟ್ ಕಲ್ಲು. ಇಲ್ಲಿನ ಒಂದು ಚಿಕ್ಕ ಹಳ್ಳಿಯಲ್ಲಿ ನಾವು ಹಳೇ ಕಲ್ಲಿನ ಮನೆ ಕೊಂಡು ನಾಲ್ಕು ಚಳಿಗಾಲ ಕಳೆದಿದ್ದೇವೆ. ರಿಪೇರಿ ಇನ್ನೂ ಮುಗಿದಿಲ್ಲ. ಒಂದು ಕೋಣೆಯಲ್ಲಿ ವಾಸ, ಇನ್ನೊಂದರಲ್ಲಿ ಕೆಲಸ, ಮಧ್ಯೆ ಪ್ಲಾಸ್ಟಿಕ್ ಪರದೆ. ಎಷ್ಟೇ ಮುಚ್ಚಿಟ್ಟರೂ ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಧೂಳು ಕೂತೇ ಇರುತ್ತದೆ.

ಒಳಗೋಡೆಗೆ ಏನು ಬಳಿಯಬೇಕು ಅಂತ ಮೊದಲ ವರ್ಷ ಯಾರನ್ನು ಕೇಳಿದರೂ ಬೇರೆ ಬೇರೆ ಉತ್ತರ ಸಿಕ್ಕಿತು. ಹಾಗಾಗಿ ಒಂದೊಂದು ಕೋಣೆಗೆ ಒಂದೊಂದು ಮಾಡಿ ನೋಡಿದೆವು. ಸಿಮೆಂಟು ಮೊದಲೇ ಇತ್ತು. ಜಿಪ್ಸಮ್ ಹಲಗೆ, ಸುಣ್ಣದ ಗಾರೆ, ಹೆಂಪ್ ಅನ್ನುವ ನಾರಿನ ಗಿಡದ ಚೂರು ಬೆರೆಸಿದ ಸುಣ್ಣ ನಾವು ಹಾಕಿದ್ದು.

ಈ ಗೋಡೆಗಳ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಿರದೆ ಹೋಲಿಸಿ ಪ್ರಯೋಜನವಿಲ್ಲ. ಗೋಡೆಯ ದಪ್ಪ ಸುಮಾರು 60 ಸೆಂ.ಮೀ. ಒಳಗೊಂದು ಹೊರಗೊಂದು ಕಲ್ಲಿನ ಸಾಲು, ನಡುವೆ ಚಿಕ್ಕ ಕಲ್ಲು ಮತ್ತು ಮಣ್ಣು. ಈ ನೆಲದಲ್ಲಿ ಸುಣ್ಣಕಲ್ಲು ಸಿಗುವುದಿಲ್ಲ, ಆದ್ದರಿಂದ ಸಂದಿಗಳಲ್ಲೂ ಜಾಸ್ತಿ ಮಣ್ಣೇ. ಬುಡದಲ್ಲಿ ನೀರು ತಡೆಯುವ ಪದರ ಇಲ್ಲ. ನೆಲದ ತೇವ ಮೇಲೆ ಹತ್ತುತ್ತದೆ, ಗೋಡೆಯ ಮೈಯಿಂದ ಆರಿ ಹೋಗುತ್ತದೆ. ಕಟ್ಟಿದವರ ಲೆಕ್ಕಾಚಾರವೇ ಅದು. ಆ ದಾರಿ ಮುಚ್ಚಿದರೆ ನೀರು ಬೇರೆ ದಾರಿ ಹುಡುಕುತ್ತದೆ.

ಅಡುಗೆಮನೆಯಲ್ಲಿ ಹಿಂದಿನವರು ಆ ದಾರಿಯನ್ನು ಸಿಮೆಂಟಿನಿಂದ ಮುಚ್ಚಿದ್ದರು. ನೋಡಲು ನೀಟಾಗಿತ್ತು. ಮೊದಲ ಚಳಿಗಾಲದಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಗುಳ್ಳೆ ಎದ್ದಿತು. ಆಮೇಲೆ ಹತ್ತಿಯಂಥ ಬಿಳಿ ಪುಡಿ ಬಂತು. ಅದು ಪೆಟ್ಲುಪ್ಪು, ತೇವದ ಜೊತೆ ಬಂದು ಗೋಡೆಯ ಮೇಲೆ ಉಳಿಯುವ ಉಪ್ಪು. ಕಪಾಟು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಒಲೆ ಉರಿಯುತ್ತಿದ್ದರೂ ಕೋಣೆಯ ಆರ್ದ್ರತೆ 80 ಶೇಕಡದಿಂದ ಕೆಳಗೆ ಇಳಿಯಲಿಲ್ಲ.

ಏಪ್ರಿಲ್ ಬಂದ ಮೇಲೆ ಉಳಿ, ಸುತ್ತಿಗೆ ಹಿಡಿದೆವು. ತಟ್ಟಿದರೆ ಕೆಲವು ಕಡೆ ಡಬ್ ಡಬ್ ಅಂತ ಪೊಳ್ಳು ಸದ್ದು. ಅಂಥ ಒಂದು ಕಡೆ ಉಳಿ ಇಟ್ಟು ಹೊಡೆದೆ. ಊಟದ ತಟ್ಟೆಯಷ್ಟು ಅಗಲದ ಹೆಕ್ಕಳ ಒಂದೇ ಏಟಿಗೆ ಕಳಚಿ ಬಂತು. ಹಿಂದಿನ ಕಲ್ಲು ಈಗಷ್ಟೇ ತೊಳೆದ ಹಾಗೆ ಹೊಳೆಯುತ್ತಿತ್ತು. ಕಲ್ಲಿನ ಸಂದಿಗೆ ತೋರುಬೆರಳು ಒತ್ತಿದೆ. ಗೆಣ್ಣಿನವರೆಗೂ ಒಳಗೆ ಹೋಯಿತು. ಕಲ್ಲುಗಳನ್ನು ಹಿಡಿದಿಟ್ಟಿರಬೇಕಾದ ಮಣ್ಣು ಕೆಸರಾಗಿತ್ತು. ಅವತ್ತು ನಿಜಕ್ಕೂ ಹೆದರಿಕೆ ಆಯಿತು. ಮೂರು ವಾರ ಹಿಡಿಯಿತು ಎಲ್ಲವನ್ನೂ ಕೆತ್ತಿ ತೆಗೆಯಲು. ಆಮೇಲೆ ಬೇಸಿಗೆ ಪೂರ್ತಿ ಗೋಡೆಯನ್ನು ಬರಿಮೈಯಲ್ಲೇ ಒಣಗಲು ಬಿಟ್ಟೆವು.

ಸಿಮೆಂಟು ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ನಮ್ಮ ಸೌದೆ ಮನೆಯ ನೆಲಕ್ಕೆ ಅದನ್ನೇ ಹಾಕಿದ್ದೇವೆ, ಗಟ್ಟಿಯಾಗಿದೆ. ಮಣ್ಣು ಹೊಟ್ಟೆಯ ಕಲ್ಲುಗೋಡೆಗೆ ಮಾತ್ರ ಅದು ಬೇಡ.

ಜಿಪ್ಸಮ್ ಹಲಗೆಯ ಕಥೆ ಚಿಕ್ಕದು. ಇಲ್ಲಿ ಅದಕ್ಕೆ ಪ್ಲಾಕೋ ಅನ್ನುತ್ತಾರೆ. ಲೋಹದ ಚೌಕಟ್ಟು ನಿಲ್ಲಿಸಿ, ಹಿಂದೆ ಚಳಿ ತಡೆಯುವ ಗಾಜಿನ ಉಣ್ಣೆ ತುಂಬಿ, ಮುಂದೆ ಹಲಗೆ ಹೊಡೆಯುವುದು. ಎರಡು ಕೋಣೆಗೆ ಹಾಕಿದೆವು, ಒಂದು ಕೆಳಗೆ, ಒಂದು ಮಹಡಿಯಲ್ಲಿ. ಒಂದೊಂದಕ್ಕೂ ನಾಲ್ಕೇ ದಿನ. ಬೆಚ್ಚಗಿರುವುದರಲ್ಲಿ ಇದನ್ನು ಮೀರಿಸಿದ್ದು ನಮ್ಮ ಮನೆಯಲ್ಲಿ ಬೇರೆ ಇಲ್ಲ. ಎರಡು ಚಳಿಗಾಲ ಆದ ಮೇಲೆ ಹೊಸ ಪ್ಲಗ್ಗಿಗಾಗಿ ಕೆಳಗಿನ ಕೋಣೆಯ ಹಲಗೆ ಕೊಯ್ದೆವು. ಚೌಕಟ್ಟಿನ ಕೆಳಗಿನ ಪಟ್ಟಿ ತುಕ್ಕು ಹಿಡಿದಿತ್ತು. ಉಣ್ಣೆ ಕಪ್ಪಾಗಿ ಜೋತುಬಿದ್ದಿತ್ತು. ನೆಲದಿಂದ ತೇವ ಹತ್ತದ ಮಹಡಿಯಲ್ಲಿ ಅದೇ ಕೆಲಸ ಇವತ್ತಿಗೂ ಚೆನ್ನಾಗಿದೆ. ಅಂದರೆ ತಪ್ಪು ಹಲಗೆಯದಲ್ಲ, ಜಾಗದ್ದು.

ಇನ್ನು ಸುಣ್ಣ. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು.

ತುಮಕೂರು ಕಡೆಯ ನಮ್ಮಜ್ಜನ ಮನೆಯದು ಗಾರೆ ನೆಲ. ಕಟ್ಟಡ ಕಟ್ಟುವವರನ್ನು ನಾವು ಈಗಲೂ ಗಾರೆ ಕೆಲಸದವರು ಅಂತಲೇ ಕರೆಯುತ್ತೇವೆ, ಅವರು ಕಲಸುವುದು ಪೂರಾ ಸಿಮೆಂಟೇ ಆದರೂ. ಸುಣ್ಣಕ್ಕೆ ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸಿ ಎತ್ತಿನ ಗಾಣದಲ್ಲಿ ಅರೆಯುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದ. ಆ ಮಾತಿನ ಬೆಲೆ ನನಗೆ ತಿಳಿದದ್ದು ಈ ಊರಿಗೆ ಬಂದ ಮೇಲೆ. ಇದೂ ಗಾರೆ ಕೆಲಸದವರದೇ ಸೀಮೆ. 19ನೇ ಶತಮಾನದಲ್ಲಿ ಇಲ್ಲಿನ ಗಂಡಸರು ಬೇಸಿಗೆ ಮೊದಲು ಪ್ಯಾರಿಸಿಗೆ ನಡೆದುಕೊಂಡೇ ಹೋಗಿ ಕಟ್ಟಡ ಕೆಲಸ ಮಾಡಿ, ಚಳಿ ಶುರುವಾಗುವಾಗ ಊರಿಗೆ ಮರಳುತ್ತಿದ್ದರು. ಅವರಲ್ಲೊಬ್ಬನಾದ ಮಾರ್ತಾಂ ನಾದೋ 1849ರಲ್ಲಿ ಸಂಸತ್ತಿಗೂ ಆರಿಸಿ ಬಂದ. ನಮಗೆ ಕೆಲಸ ಕಲಿಸಿದ ಪಕ್ಕದ ಮನೆಯ ತಾತನೂ ಅದೇ ಕಸುಬಿನವರು.

ಅಂಗಡಿಯಲ್ಲಿ ಸುಣ್ಣ ಎರಡು ಥರ. ಒಂದು ಗಾಳಿಯಿಂದ ಗಟ್ಟಿಯಾಗುವುದು. ಸುಣ್ಣಕಲ್ಲು ಸುಡುವಾಗ ಬಿಟ್ಟುಕೊಟ್ಟ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ನಿಧಾನಕ್ಕೆ ವಾಪಸು ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಅದರ ಚೀಲದ ಮೇಲೆ ಸಿಎಲ್ 90 ಅಂತ ಇರುತ್ತದೆ. ಇನ್ನೊಂದು ನೀರು ಸೋಕಿದರೂ ಬಿಗಿಯುವುದು, ಎನ್‌ಎಚ್‌ಎಲ್. ಅದರಲ್ಲಿ 2, 3.5, 5 ಅಂತ ಮೂರು. ಅಂಕಿ ದೊಡ್ಡದಾದಷ್ಟೂ ಗಟ್ಟಿ. ಗಟ್ಟಿ ಇದ್ದರೆ ಒಳ್ಳೆಯದಲ್ವಾ ಅಂತ ಒಲೆ ಪಕ್ಕದ ಗೋಡೆಗೆ 5 ತಂದು ಬಳಿದೆವು. ತಿಂಗಳೊಳಗೆ ಕೂದಲೆಳೆಯ ಬಿರುಕು ಬಂತು. ತಾತ ಉಗುರಿನಿಂದ ಕೆರೆದು ನೋಡಿ ತಲೆಯಾಡಿಸಿದರು. ಗೋಡೆಗಿಂತ ಬಳಿದ ಪದರ ಮೆತ್ತಗಿರಬೇಕು, ಕಲ್ಲು ಅಲುಗಾಡಿದಾಗ ಸವೆಯುವುದು ಪದರವೇ ಆಗಬೇಕು ಅಂದರು. ಅದನ್ನು ಕೆತ್ತಿ ತೆಗೆದೆವು. ಅಡುಗೆಮನೆಗೆ ನಡುವಿನ ಪದರಕ್ಕೆ 3.5, ಮೇಲಿನ ಪದರಕ್ಕೆ ಸಿಎಲ್ 90 ಬಳಸಿದೆವು.

ಕೆಲಸ ಹಿಂದಿನ ಸಂಜೆಯೇ ಶುರು. ಗೋಡೆಯನ್ನು ಚೆನ್ನಾಗಿ ನೆನೆಸಬೇಕು, ಇಲ್ಲದಿದ್ದರೆ ಕಲ್ಲು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಮೊದಲ ಪದರವನ್ನು ಬಳಿಯುವುದಲ್ಲ, ಕರಣಿಯಿಂದ ಎಸೆಯುವುದು. ನೀರಾಗಿ ಕಲಸಿ, ಮಣಿಕಟ್ಟು ಝಾಡಿಸಿ ಎಸೆದರೆ ಅದು ಗೋಡೆಗೆ ಕಚ್ಚಿಕೊಂಡು ಒರಟಾಗಿ ನಿಲ್ಲುತ್ತದೆ. ಕೆಲವು ದಿನ ಬಿಟ್ಟು ಎರಡನೆಯದು, ಒಂದು ಪಾಲು ಸುಣ್ಣಕ್ಕೆ ಎರಡೂವರೆ ಪಾಲು ಮರಳು. ಅದರ ಮೇಲೆ ಸಣ್ಣ ಮರಳಿನ ತೆಳು ಪದರ. ಯಾವಾಗ ಉಜ್ಜಬೇಕು ಅನ್ನುವುದಕ್ಕೆ ತಾತ ಗಡಿಯಾರ ನೋಡುವುದಿಲ್ಲ. ಹೆಬ್ಬೆರಳು ಒತ್ತುತ್ತಾರೆ. ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಅದಕ್ಕಿಂತ ಮುಂಚೆ ಉಜ್ಜಿದರೆ ಜಾರುತ್ತದೆ, ತಡವಾದರೆ ಮರಳು ಉದುರುತ್ತದೆ.

ಇದರ ಕಷ್ಟವನ್ನೂ ಹೇಳಬೇಕು. 20 ಚದರ ಮೀಟರ್ ಗೋಡೆಗೆ ಕಾಯುವುದೂ ಸೇರಿ ಐದು ವಾರ ಹಿಡಿಯಿತು. 5 ಡಿಗ್ರಿಗಿಂತ ಚಳಿ ಇದ್ದರೆ ಕೆಲಸ ಆಗದು. ಸುಣ್ಣ ಕೈ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕೈಗವಸು, ಕನ್ನಡಕ ಇಲ್ಲದೆ ಚೀಲ ಬಿಚ್ಚಬೇಡಿ. ಮರಳು ಮಧ್ಯದಲ್ಲಿ ಮುಗಿದರೆ, ಸಾಮಾನಿನ ಅಂಗಡಿ ಮಧ್ಯಾಹ್ನ 12ರಿಂದ 2ರವರೆಗೆ ಮುಚ್ಚಿರುತ್ತದೆ. ಕಲಸಿದ ಗಾರೆ ಕಾಯುವುದಿಲ್ಲ. ಆದರೆ ಮರುವರ್ಷ ಚಳಿಗಾಲದಲ್ಲಿ ಅದೇ ಅಡುಗೆಮನೆಯ ಆರ್ದ್ರತೆ 63ಕ್ಕೆ ಇಳಿದಿತ್ತು. ಕಪಾಟಿನಲ್ಲಿ ಬರೀ ಮೆಣಸಿನ ಪುಡಿಯ ವಾಸನೆ.

ಕೊನೆಯದು ಹೆಂಪ್. ಭಂಗಿ ಗಿಡದ ಜಾತಿಯದೇ, ಆದರೆ ಮತ್ತು ತರಿಸದ ನಾರಿನ ತಳಿ. ಯುರೋಪಿನಲ್ಲಿ ಇದನ್ನು ಅತಿ ಹೆಚ್ಚು ಬೆಳೆಯುವ ದೇಶ ಫ್ರಾನ್ಸೇ. ನಾರು ಸುಲಿದ ಮೇಲೆ ಉಳಿಯುವ ಕಾಂಡದ ಚೂರುಗಳನ್ನು ಸುಣ್ಣದಲ್ಲಿ ಕಲಸಿ ಗೋಡೆಗೆ ದಪ್ಪಗೆ ಮೆತ್ತುತ್ತಾರೆ. ಮಲಗುವ ಕೋಣೆಗೆ 6 ಸೆಂ.ಮೀ. ಮೆತ್ತಿದೆವು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಆ ಹದ ತಂಬಿಟ್ಟಿನ ಹಿಟ್ಟಿನದೇ, ನನ್ನ ಹೆಂಡತಿಗೆ ಮೊದಲ ದಿನವೇ ಕೈಗೆ ಬಂತು.

ಮೇ ತಿಂಗಳಲ್ಲಿ ಮೆತ್ತಿದ್ದು ಒಣಗಿದ್ದು ಆಗಸ್ಟಿಗೆ. ಒಂದು ತಿಂಗಳು ಕೋಣೆ ತುಂಬ ಒದ್ದೆ ಹುಲ್ಲಿನ ವಾಸನೆ. ನಾವು ಜುಲೈನಲ್ಲೇ ಒಂದು ಮೂಲೆಗೆ ಮೇಲಿನ ಪದರ ಬಳಿದೆವು. ಒಳಗಿನ ತೇವ ಟೀ ಬಣ್ಣದ ಕಲೆಗಳನ್ನು ಹೊರಗೆ ತಂದಿತು. ಆ ಮೂಲೆಯನ್ನು ಎರಡನೇ ಸಲ ಮಾಡಬೇಕಾಯಿತು.

ಜನವರಿಯ ಒಂದು ಬೆಳಿಗ್ಗೆ, ಹೊರಗೆ ಸೊನ್ನೆ ಡಿಗ್ರಿ, ಒಳಗೆ ಎಲ್ಲ ಕೋಣೆಯಲ್ಲೂ 18 ಇದ್ದಾಗ ಗೋಡೆಗಳ ಮೈ ಬಿಸಿ ಅಳೆದೆ. ಬರೀ ಸುಣ್ಣದ ಗೋಡೆ 13, ಹೆಂಪ್ 16, ಹಲಗೆ 17. ಮೂರು ಡಿಗ್ರಿ ಕೇಳಲು ಕಡಿಮೆ ಅನ್ನಿಸಬಹುದು. ಹೆಂಪ್ ಗೋಡೆಗೆ ಬೆನ್ನು ಒರಗಿಸಿ ಕೂರಬಹುದು, ಸುಣ್ಣದ ಗೋಡೆಗೆ ಆಗುವುದಿಲ್ಲ. ಅಷ್ಟು ವ್ಯತ್ಯಾಸ. ಸಾಮಾನಿನ ಖರ್ಚು 20 ಚದರ ಮೀಟರಿಗೆ ನಮಗೆ ಬಿದ್ದದ್ದು ಸುಣ್ಣಕ್ಕೆ 300 ಯೂರೋ ಒಳಗೆ, ಹೆಂಪಿಗೂ ಹಲಗೆಗೂ ಹೆಚ್ಚುಕಡಿಮೆ 550. ಕೂಲಿ ಕೊಟ್ಟು ಮಾಡಿಸಿದರೆ ಲೆಕ್ಕ ತಿರುಗಿಬಿಡುತ್ತದೆ, ಹಲಗೆಯೇ ಅಗ್ಗ.

ನಾನು ಮತ್ತೆ ಮಾಡುವುದಾದರೆ ಕೂರುವ, ಮಲಗುವ ಕೋಣೆಗೆಲ್ಲ ಹೆಂಪ್. ಒಲೆ ಉರಿಯುವ ಅಡುಗೆಮನೆಗೆ ಸುಣ್ಣ. ಮಹಡಿಯಲ್ಲಿ ಬೇಗ ಬೇಕಿದ್ದರೆ ಹಲಗೆ. ಇವೆಲ್ಲಕ್ಕಿಂತ ಮೊದಲು ಹೊರಗೆ ಹೋಗಿ ನೋಡುತ್ತೇನೆ. ಉತ್ತರದ ಗೋಡೆಗೆ ಒತ್ತಿಕೊಂಡಿದ್ದ ಮಣ್ಣನ್ನು 30 ಸೆಂ.ಮೀ. ಅಗೆದು ತೆಗೆದು, ಒಡೆದ ಮಳೆನೀರಿನ ದೋಣಿ ಬದಲಿಸಿದ ಮೇಲೆ ಒಳಗಿನ ತೇವದ ಗುರುತು ಒಂದು ಗೇಣು ಕೆಳಗಿಳಿಯಿತು. ಆ ಕೆಲಸಕ್ಕೆ ಸುಣ್ಣವೂ ಬೇಡ, ಹೆಂಪೂ ಬೇಡ, ಒಂದು ಗುದ್ದಲಿ ಸಾಕು.

ಈಗ ಉಳಿದಿರುವುದು ಕೆಳಗಿನ ಚಿಕ್ಕ ಕೋಣೆ, ಕಪ್ಪಾದ ಉಣ್ಣೆ ಸಿಕ್ಕಿದ್ದು ಅಲ್ಲೇ. ಹಲಗೆಗಳನ್ನು ಬಿಚ್ಚಿ ಆಯಿತು. ಹೆಂಪಿನ ಹತ್ತು ಚೀಲ ಕೊಟ್ಟಿಗೆಯಲ್ಲಿ ಒಣಗಾಗಿ ಕೂತಿವೆ. ಈ ವಾರ ರಾತ್ರಿಯ ಚಳಿ 8 ಡಿಗ್ರಿಗಿಂತ ಕೆಳಗೆ ಇಳಿದಿಲ್ಲ. ನಾಳೆ ಸಂಜೆ ಗೋಡೆ ನೆನೆಸುತ್ತೇವೆ.