ಬೇಟ್‌ಕಾಸ್ಟಿಂಗ್ ರೀಲ್: ಹ್ಯಾಂಡಲ್ ಎಡಕ್ಕಾ, ಬಲಕ್ಕಾ?

ಗಾಳದ ಕೋಲಿಗೆ (ರಾಡ್) ಕೂರಿಸಿ ದಾರ ಸುತ್ತುವ ಸಾಧನವೇ ರೀಲ್. ಅದರಲ್ಲಿ ಬೇಟ್‌ಕಾಸ್ಟಿಂಗ್ ಅನ್ನುವುದು ರಾಡಿನ ಮೇಲೆ ಕೂರುವ ಬಗೆ, ಸ್ಪಿನ್ನಿಂಗ್ ಅನ್ನುವುದು ಕೆಳಗೆ ತೂಗುವ ಬಗೆ. ಮೊದಲೇ ಒಂದು ಮಾತು. ಸ್ಪಿನ್ನಿಂಗ್ ರೀಲ್‌ನಲ್ಲಿ ಹ್ಯಾಂಡಲ್ ಬಿಚ್ಚಿ ಆ ಕಡೆಗೆ ಹಾಕಿಕೊಳ್ಳಬಹುದು. ಬೇಟ್‌ಕಾಸ್ಟಿಂಗ್‌ನಲ್ಲಿ ಅದು ಆಗುವುದಿಲ್ಲ. ಹಾಗಾಗಿ ಕೊಳ್ಳುವಾಗಲೇ ಯೋಚಿಸಬೇಕು. ಎಡ, ಬಲ ಅನ್ನುವುದು ಹ್ಯಾಂಡಲ್ ಇರುವ ಕಡೆ, ನೀವು ಎಡಚರೋ ಅಲ್ಲವೋ ಅನ್ನುವುದಲ್ಲ.

ನೀವು ಬಲಗೈಯವರು ಅಂತಿಟ್ಟುಕೊಳ್ಳಿ. ಬಲಗೈಯಲ್ಲಿ ಬೀಸುತ್ತೀರಿ, ಹೆಬ್ಬೆರಳು ಸ್ಪೂಲ್ (ದಾರ ಸುತ್ತಿರುವ ಉರುಳೆ) ಮೇಲೆ. ಬಲ ಹ್ಯಾಂಡಲ್ ಇದ್ದರೆ ಲೂರ್ (ಕೃತಕ ಎರೆ) ನೀರಿಗೆ ಬೀಳುವ ಹೊತ್ತಿಗೆ ರಾಡನ್ನು ಎಡಗೈಗೆ ದಾಟಿಸಬೇಕು. ಒಂದೇ ಕ್ಷಣದ ಕೆಲಸ, ನಿಜ. ಆದರೆ ಜಿಗ್ (ತಲೆಗೆ ತೂಕವಿರುವ ಲೂರ್) ಮುಳುಗುತ್ತಿರುವಾಗಲೇ ಮೀನು ಬಾಯಿ ಹಾಕುವುದು ಜಾಸ್ತಿ. ಆಗ ಕೈ ಬದಲಿಸುತ್ತಾ ಕೂತರೆ ಮೀನು ಉಗುಳಿ ಹೋಗಿರುತ್ತದೆ. ಹತ್ತಿರದ ಗಿಡಗಂಟಿ ಸಂದಿಗೆ ಪದೇ ಪದೇ ಎಸೆಯುವವರಿಗೆ ಎಡ ಹ್ಯಾಂಡಲ್ ಒಳ್ಳೆಯದು, ಕೈ ಬದಲಿಸಬೇಕಿಲ್ಲ.

ಆಳಕ್ಕಿಳಿಯುವ ಕ್ರ್ಯಾಂಕ್‌ಬೇಟ್ (ಸುತ್ತಿ ಎಳೆದಂತೆ ನೀರೊಳಗೆ ಇಳಿಯುವ ಗಟ್ಟಿ ಲೂರ್) ಎಳೆಯುವ ಕತೆಯೇ ಬೇರೆ. ನೀರು ಎದುರು ತಳ್ಳುತ್ತಿರುತ್ತದೆ, ದಿನವಿಡೀ ಸುತ್ತಬೇಕು. ಅಲ್ಲಿ ಗಟ್ಟಿ ಕೈಯೇ ಸುತ್ತಲಿ, ಬಲ ಹ್ಯಾಂಡಲ್ ತೊಗೊಳ್ಳಿ.

ಬೆಲೆ, ಬಾಳಿಕೆಯಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ. ಬಲ ಹ್ಯಾಂಡಲ್‌ನಲ್ಲಿ ಮಾಡೆಲ್‌ಗಳು ಜಾಸ್ತಿ ಸಿಗುತ್ತವೆ, ಅಷ್ಟೇ.

ಇನ್ನು ಅಭ್ಯಾಸ. ಸ್ಪಿನ್ನಿಂಗ್ ರೀಲನ್ನು ಎಡಗೈಯಲ್ಲೇ ಸುತ್ತಿ ಬಂದವರಿಗೆ ಎಡ ಹ್ಯಾಂಡಲ್ ಬೇಗ ಒಗ್ಗುತ್ತದೆ. ವರ್ಷಗಟ್ಟಲೆ ಬಲಗೈಯಲ್ಲಿ ಸುತ್ತಿದವರು ಸುಮ್ನೆ ಯಾಕೆ ಬದಲಿಸಬೇಕು? ಎಡಚರಾದರೆ ಇದನ್ನೆಲ್ಲ ತಿರುಗಿಸಿ ಓದಿಕೊಳ್ಳಿ. ಅಂಗಡಿಯ ತುಂಬ ಇರುವ ಬಲ ಹ್ಯಾಂಡಲ್ ರೀಲ್‌ನಲ್ಲಿ ನೀವು ಕೈ ಬದಲಿಸಬೇಕಾಗಿಯೇ ಇಲ್ಲ!